ಸಕ್ಕರೆ ಬಿಟ್ಟವರ ಚಳವಳಿ

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಯುರೋಪು ಮತ್ತು ಅಮೆರಿಕದ ಹಡಗುಗಳು ಆಫ್ರಿಕಾದಿಂದ ಗುಲಾಮರನ್ನಾಗಿ ಹೊತ್ತೊಯ್ದ ಜನರ ಸಂಖ್ಯೆ ಸುಮಾರು 1.25 ಕೋಟಿ. ಅಟ್ಲಾಂಟಿಕ್ ಸಾಗರದ ಆಚೆಯ ದಡ ಮುಟ್ಟಿದವರು ಸುಮಾರು 1.07 ಕೋಟಿ. ಉಳಿದವರು ದಾರಿಯಲ್ಲೇ ಸತ್ತು ಸಮುದ್ರದ ಪಾಲಾದರು. ಈ ವ್ಯಾಪಾರದಲ್ಲಿ ಅತಿ ದೊಡ್ಡ ಪಾಲು ಪೋರ್ಚುಗೀಸರದು. ಅವರ ನಂತರ ಬ್ರಿಟಿಷರದು. ಬ್ರಿಟಿಷ್ ಹಡಗುಗಳೇ 30 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದವು. ಲಿವರ್‌ಪೂಲ್, ಬ್ರಿಸ್ಟಲ್, ಲಂಡನ್ ಬಂದರುಗಳು ಇದರಿಂದಲೇ ಕೊಬ್ಬಿದವು.

ವ್ಯಾಪಾರದ ಸುತ್ತು ಸರಳವಾಗಿತ್ತು. ಬಟ್ಟೆ, ಬಂದೂಕು, ಕಬ್ಬಿಣ ತುಂಬಿದ ಹಡಗು ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು. ಆ ಬಟ್ಟೆಯಲ್ಲಿ ಗುಜರಾತ್ ಮತ್ತು ಕೋರಮಂಡಲ ತೀರದ ನೇಕಾರರು ನೇಯ್ದದ್ದೂ ಸಾಕಷ್ಟಿರುತ್ತಿತ್ತು. ಅಲ್ಲಿ ಸರಕಿಗೆ ಬದಲಾಗಿ ಮನುಷ್ಯರನ್ನು ಪಡೆದು ಕೆರಿಬಿಯನ್ ದ್ವೀಪಗಳಿಗೆ ಒಯ್ದು ಮಾರುತ್ತಿದ್ದರು. ಮರಳುವಾಗ ಹಡಗಿನಲ್ಲಿ ಸಕ್ಕರೆ, ರಮ್ ಇರುತ್ತಿತ್ತು. ಇಡೀ ವ್ಯವಸ್ಥೆ ನಿಂತಿದ್ದದ್ದು ಸಕ್ಕರೆಯ ಮೇಲೆ. ಕಬ್ಬು ಕಡಿದ ಮೇಲೆ ಕಾಯುವುದಿಲ್ಲ. ರಸ ಹುಳಿಯುವ ಮೊದಲು ಅರೆದು ಕಾಯಿಸಬೇಕು. ಆದ್ದರಿಂದ ಸುಗ್ಗಿಯಲ್ಲಿ ಜಮೈಕಾ, ಬಾರ್ಬಡೋಸ್‌ಗಳ ಆಲೆಮನೆಗಳು ರಾತ್ರಿಯಿಡೀ ನಡೆಯುತ್ತಿದ್ದವು. ನಿದ್ದೆಗಣ್ಣಿನಲ್ಲಿ ಗಾಣಕ್ಕೆ ಕಬ್ಬು ಕೊಡುವವರ ಬೆರಳು ರೋಲರುಗಳ ನಡುವೆ ಸಿಕ್ಕಿದರೆ ತೋಳೇ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಹಾಗಾದಾಗ ಕೈ ಕಡಿಯಲೆಂದು ಗಾಣದ ಪಕ್ಕದಲ್ಲಿ ಕೊಡಲಿಯೊಂದನ್ನು ಇಟ್ಟಿರುವುದು ವಾಡಿಕೆ. ಗಾಣ ನಿಲ್ಲಿಸುವುದಕ್ಕಿಂತ ಕೈ ಕಡಿಯುವುದು ಬೇಗ ಆಗುವ ಕೆಲಸ.

ಲಂಡನ್ನಿನಲ್ಲಿ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವವರಿಗೆ ಆ ಕೊಡಲಿ ಕಾಣುತ್ತಿರಲಿಲ್ಲ. ಗುಲಾಮಗಿರಿ ವಿರೋಧಿ ಚಳವಳಿ ಮಾಡಿದ ಮುಖ್ಯ ಕೆಲಸ ಅದನ್ನು ಕಾಣಿಸಿದ್ದೇ. ಸಾವಿರಾರು ಮೈಲಿ ದೂರದ, ತಮಗೆ ಯಾವ ನಷ್ಟವನ್ನೂ ಮಾಡದ ಅನ್ಯಾಯವೊಂದರ ವಿರುದ್ಧ ಲಕ್ಷಾಂತರ ಸಾಮಾನ್ಯ ಜನ ಎದ್ದು ನಿಂತದ್ದು ಚರಿತ್ರೆಯಲ್ಲಿ ಅದಕ್ಕೂ ಮೊದಲು ಕಾಣಸಿಗುವುದು ಕಷ್ಟ. ಸಹಿ ಸಂಗ್ರಹ, ಬಹಿಷ್ಕಾರ, ಬಿಲ್ಲೆ, ಭಿತ್ತಿಚಿತ್ರ, ಊರೂರಿಗೆ ಸಮಿತಿ ಎಂಬ ಇಂದಿನ ಹೋರಾಟಗಳ ಸಲಕರಣೆಗಳೆಲ್ಲ ಒಟ್ಟಾಗಿ ಹದಗೊಂಡದ್ದು ಈ ಚಳವಳಿಯಲ್ಲಿ.

ಇದಕ್ಕೆ ಮುನ್ನುಡಿಯಂತೆ ಎರಡು ಮೊಕದ್ದಮೆಗಳು ನಡೆದವು. ಇಂಗ್ಲೆಂಡಿಗೆ ಕರೆತಂದಿದ್ದ ಜೇಮ್ಸ್ ಸಾಮರ್‌ಸೆಟ್ ಎಂಬ ಗುಲಾಮನನ್ನು ಬಲವಂತವಾಗಿ ಜಮೈಕಾಕ್ಕೆ ಸಾಗಿಸುವಂತಿಲ್ಲ ಎಂದು ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1772ರಲ್ಲಿ ತೀರ್ಪು ಕೊಟ್ಟ. ಸಾಮರ್‌ಸೆಟ್ ಪರ ನಿಂತು ವಕೀಲರನ್ನು ಹುರಿದುಂಬಿಸಿದವನು ಗ್ರ್ಯಾನ್‌ವಿಲ್ ಶಾರ್ಪ್ ಎಂಬ ಸರ್ಕಾರಿ ಗುಮಾಸ್ತ. ಎರಡನೆಯದು ಜಾಂಗ್ ಹಡಗಿನ ಮೊಕದ್ದಮೆ. 1781ರ ಕೊನೆಯಲ್ಲಿ ಆ ಹಡಗಿನ ಸಿಬ್ಬಂದಿ, ಕುಡಿಯುವ ನೀರು ಸಾಲದು ಎಂಬ ನೆಪ ಹೇಳಿ ಸುಮಾರು 130 ಮಂದಿ ಆಫ್ರಿಕನ್ನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಹಡಗಿನ ಮಾಲೀಕರು ಸಮುದ್ರದ ಪಾಲಾದವರ ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು. ವಿಮೆಯವರು ಕೊಡಲು ಒಪ್ಪದ್ದರಿಂದ 1783ರಲ್ಲಿ ವಿಷಯ ನ್ಯಾಯಾಲಯಕ್ಕೆ ಬಂತು. ಬಂದದ್ದು ವಿಮೆಯ ತಕರಾರಾಗಿ. ಕೊಲೆಯ ಆರೋಪ ಯಾರ ಮೇಲೂ ಬರಲಿಲ್ಲ. ಕುದುರೆಗಳನ್ನು ನೀರಿಗೆ ಎಸೆದರೆ ಹೇಗೋ ಕಾನೂನಿನ ಕಣ್ಣಿಗೆ ಇದೂ ಹಾಗೆಯೇ ಎಂದು ಅದೇ ಮ್ಯಾನ್ಸ್‌ಫೀಲ್ಡ್ ಹೇಳಿದ. ಪತ್ರಿಕೆಯಲ್ಲಿ ಸುದ್ದಿ ಓದಿ ಶಾರ್ಪನ ಮನೆಗೆ ಓಡಿದವನು ಒಲೌಡಾ ಇಕ್ವಿಯಾನೋ. ಅವನೂ ಒಂದು ಕಾಲದ ಗುಲಾಮನೇ. 1766ರಲ್ಲಿ 40 ಪೌಂಡ್ ತೆತ್ತು ತನ್ನನ್ನು ತಾನೇ ಕೊಂಡುಕೊಂಡಿದ್ದ.

1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಒಂದು ಲ್ಯಾಟಿನ್ ಪ್ರಬಂಧ ಸ್ಪರ್ಧೆ ನಡೆಸಿತು. ಇಷ್ಟವಿಲ್ಲದವರನ್ನು ಗುಲಾಮರನ್ನಾಗಿ ಮಾಡುವುದು ನ್ಯಾಯವೇ ಎಂಬುದು ವಿಷಯ. 25 ವರ್ಷದ ಥಾಮಸ್ ಕ್ಲಾರ್ಕ್‌ಸನ್ ಬಹುಮಾನದ ಆಸೆಗಾಗಿಯೇ ಬರೆದು ಗೆದ್ದ. ಆದರೆ ಬರೆಯುವಾಗ ಓದಿದ್ದು ಅವನ ನಿದ್ದೆ ಕೆಡಿಸಿತು. ಲಂಡನ್ನಿಗೆ ಹೋಗುವಾಗ ವೇಡ್ಸ್‌ಮಿಲ್ ಎಂಬಲ್ಲಿ ಕುದುರೆಯಿಂದಿಳಿದು ರಸ್ತೆ ಬದಿಯಲ್ಲಿ ಕುಳಿತವನಿಗೆ, ಬರೆದದ್ದು ನಿಜವಾದರೆ ಇದನ್ನು ಯಾರಾದರೂ ಕೊನೆಗಾಣಿಸಲೇಬೇಕು ಎನ್ನಿಸಿತಂತೆ. ಎರಡು ವರ್ಷದ ನಂತರ, 1787ರ ಮೇ 22ರಂದು, ಲಂಡನ್ನಿನ ಜಾರ್ಜ್ ಯಾರ್ಡ್‌ನ ಒಂದು ಅಚ್ಚುಕೂಟದಲ್ಲಿ ಹನ್ನೆರಡು ಮಂದಿ ಸೇರಿ ಗುಲಾಮ ವ್ಯಾಪಾರ ನಿರ್ಮೂಲನ ಸಮಿತಿ ಕಟ್ಟಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದವರು. ದೇವರ ಬೆಳಕು ಎಲ್ಲ ಮನುಷ್ಯರೊಳಗೂ ಇದೆ ಎಂದು ನಂಬುವ, ರಾಜನ ಮುಂದೆಯೂ ಟೋಪಿ ತೆಗೆಯದ ಜನ. ಆದರೆ ಅವರನ್ನು ಸಮಾಜ ವಿಚಿತ್ರವಾಗಿ ಕಾಣುತ್ತಿತ್ತು. ಪಾರ್ಲಿಮೆಂಟಿನಲ್ಲಿ ಅವರಿಗೆ ಜಾಗವಿರಲಿಲ್ಲ. ಹಾಗಾಗಿ ಶಾರ್ಪ್, ಕ್ಲಾರ್ಕ್‌ಸನ್‌ರಂಥ ಹೊರಗಿನವರು ಬೇಕಾದರು. ಪಾರ್ಲಿಮೆಂಟಿನ ಒಳಗಿನ ದನಿಯಾಗಿ ಸಿಕ್ಕವನು ವಿಲಿಯಂ ವಿಲ್ಬರ್‌ಫೋರ್ಸ್.

ಸಮಿತಿ ಮೊದಲು ತೀರ್ಮಾನಿಸಬೇಕಾದದ್ದು ಯಾವುದರ ವಿರುದ್ಧ ಹೋರಾಟ ಎಂಬುದನ್ನು. ಗುಲಾಮಗಿರಿಯನ್ನೇ ಕೈಗೆತ್ತಿಕೊಂಡರೆ ಆಸ್ತಿಯ ಹಕ್ಕಿಗೆ ಕೈ ಹಾಕಿದಂತೆ. ಜಮೀನುದಾರರೇ ತುಂಬಿದ್ದ ಸಭೆ ಅದನ್ನು ಕೇಳುವುದೂ ಇಲ್ಲ. ವ್ಯಾಪಾರವನ್ನು ಮಾತ್ರ ನಿಲ್ಲಿಸಿ ಎಂದರೆ ಅದು ಪಾರ್ಲಿಮೆಂಟಿನ ಅಧಿಕಾರದೊಳಗಿನ ಮಾತು. ಹೊಸಬರು ಸಿಗುವುದು ನಿಂತರೆ ಇರುವವರನ್ನಾದರೂ ಮಾಲೀಕರು ಚೆನ್ನಾಗಿ ನೋಡಿಕೊಂಡಾರು ಎಂಬ ಲೆಕ್ಕವೂ ಇತ್ತು. ಈ ಎರಡನೆಯ ಲೆಕ್ಕ ತಪ್ಪಿತು. ಮೊದಲನೆಯದು ತಪ್ಪಲಿಲ್ಲ.

ಕ್ಲಾರ್ಕ್‌ಸನ್ ಕುದುರೆಯೇರಿ ಬಂದರುಗಳಿಗೆ ಹೊರಟ. ಏಳು ವರ್ಷದಲ್ಲಿ ಅವನು ಸುತ್ತಿದ್ದು 35,000 ಮೈಲಿ. ಲಿವರ್‌ಪೂಲಿನ ಅಂಗಡಿಯೊಂದರಲ್ಲಿ ರಾಜಾರೋಷವಾಗಿ ಮಾರಾಟಕ್ಕಿಟ್ಟಿದ್ದ ಕೈಕೋಳ, ಕಾಲಿನ ಬೇಡಿ, ಹೆಬ್ಬೆರಳು ಹಿಸುಕುವ ತಿರುಪು ಕೊಂಡ. ಜೊತೆಗೆ ಕತ್ತರಿಯಂಥ ಇನ್ನೊಂದು ಸಾಧನವಿತ್ತು. ಅದು ಏಕೆಂದು ಕೇಳಿದರೆ, ಊಟ ಬಿಟ್ಟು ಸಾಯಲು ಹೊರಟವರ ಹಲ್ಲು ಬಿಡಿಸಿ ಗಂಜಿ ಸುರಿಯುವುದಕ್ಕೆ ಎಂದರು. ಇವೆಲ್ಲವನ್ನೂ ಒಂದು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ಊರೂರಿನ ಸಭೆಗಳಲ್ಲಿ ತೋರಿಸಿದ. ಅದೇ ಪೆಟ್ಟಿಗೆಯಲ್ಲಿ ಆಫ್ರಿಕಾದ ಬಟ್ಟೆ, ಮರ, ಸಾಂಬಾರ ಪದಾರ್ಥಗಳ ಮಾದರಿಯೂ ಇದ್ದವು. ಆ ನಾಡಿನಿಂದ ತರಬಹುದಾದದ್ದು ಮನುಷ್ಯರನ್ನಷ್ಟೇ ಅಲ್ಲ ಎಂಬುದು ವ್ಯಾಪಾರಿಗಳಿಗೂ ತಿಳಿಯಲಿ ಎಂದು. ಹಡಗುಗಳ ಹಾಜರಿ ಪುಸ್ತಕ ತೆಗೆದು ಸಾವಿರಾರು ನಾವಿಕರ ಲೆಕ್ಕವನ್ನೂ ಹಾಕಿದ. ಗುಲಾಮ ಹಡಗುಗಳು ನೌಕಾಪಡೆಗೆ ನಾವಿಕರನ್ನು ತಯಾರು ಮಾಡುತ್ತವೆ ಎಂಬ ವಾದವಿತ್ತು. ಅವು ನಾವಿಕರನ್ನು ಕೊಲ್ಲುತ್ತವೆ ಎಂದು ಆ ಲೆಕ್ಕ ತೋರಿಸಿತು. ಲಿವರ್‌ಪೂಲಿನ ಹಡಗುಕಟ್ಟೆಯಲ್ಲಿ ಒಂದಷ್ಟು ಜನ ಅವನನ್ನು ನೀರಿಗೆ ತಳ್ಳಲು ನೋಡಿದರು, ನುಗ್ಗಿಕೊಂಡು ಪಾರಾದ.

ಬ್ರೂಕ್ಸ್ ಎಂಬ ಹಡಗಿನ ನಕ್ಷೆ ಈ ಚಳವಳಿಯ ಅತ್ಯಂತ ಹರಿತ ಆಯುಧ. ಪ್ಲಿಮತ್ ಊರಿನ ಸಮಿತಿ ಮೊದಲು ಅದನ್ನು ಬರೆಸಿತು. 1789ರಲ್ಲಿ ಲಂಡನ್ ಸಮಿತಿ ತಿದ್ದಿ ಅಚ್ಚು ಹಾಕಿಸಿತು. ಹಡಗಿನ ತಳವನ್ನು ಮೇಲಿನಿಂದ ನೋಡಿದಂತೆ ಬರೆದ ಚಿತ್ರ. ಅದರಲ್ಲಿ 482 ಮನುಷ್ಯಾಕೃತಿಗಳು ಡಬ್ಬಿಯೊಳಗಿನ ಬೆಂಕಿಕಡ್ಡಿಗಳ ಹಾಗೆ ಒತ್ತಾಗಿ ಮಲಗಿವೆ. ಒಬ್ಬ ಗಂಡಸಿಗೆ ಸಿಕ್ಕ ಜಾಗ 6 ಅಡಿ ಉದ್ದ, 16 ಇಂಚು ಅಗಲ. ಚಿತ್ರದಲ್ಲಿ ರಕ್ತವಿಲ್ಲ, ಚಾಟಿಯಿಲ್ಲ, ಒಂದು ಮುಖವೂ ಸ್ಪಷ್ಟವಾಗಿಲ್ಲ, ಬರಿಯ ಅಳತೆ. ಅದೇ ಹಡಗು ಒಂದು ಯಾನದಲ್ಲಿ 609 ಮಂದಿಯನ್ನು ತುಂಬಿಕೊಂಡು ಹೋಗಿತ್ತು ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ನಕ್ಷೆಯ ಸಾವಿರಾರು ಪ್ರತಿಗಳು ಮನೆಮನೆಯ, ಹೆಂಡದಂಗಡಿಗಳ ಗೋಡೆ ಸೇರಿದವು. ಕುಂಬಾರಿಕೆಯ ದೊಡ್ಡ ಉದ್ಯಮಿ ಜೊಸಾಯಾ ವೆಜ್‌ವುಡ್, ಸರಪಳಿ ತೊಟ್ಟು ಮೊಣಕಾಲೂರಿದ ಆಫ್ರಿಕನ್ನನ ಚಿತ್ರವಿದ್ದ ಬಿಲ್ಲೆ ಮಾಡಿಸಿ ಹಂಚಿದ. ಹೆಂಗಸರು ಅದನ್ನು ಬಳೆಗೆ, ಮುಡಿಪಿನ್ನಿಗೆ ಸೇರಿಸಿ ತೊಟ್ಟರು. ಬೇಡುತ್ತ ಮೊಣಕಾಲೂರಿದ ಆ ಭಂಗಿಯಲ್ಲಿ ಕರುಣೆ ಉಂಟು, ಸಮಾನತೆ ಇಲ್ಲ ಎಂಬ ಟೀಕೆ ಈಚೆಗೆ ಬಂದಿದೆ. ಅದು ಒಪ್ಪತಕ್ಕ ಮಾತೇ. ಆ ಕೊರತೆಯನ್ನು ತುಂಬಿದ್ದು 1789ರಲ್ಲಿ ಬಂದ ಇಕ್ವಿಯಾನೋನ ಆತ್ಮಕಥೆ. ಅಲ್ಲಿ ಮಾತಾಡುವವನು ಬೇಡುವವನಲ್ಲ. ಅವನ ಜೀವಿತ ಕಾಲದಲ್ಲೇ ಅದು ಒಂಬತ್ತು ಮುದ್ರಣ ಕಂಡಿತು. ಪುಸ್ತಕ ಮಾರುತ್ತ ಅವನೂ ಬ್ರಿಟನ್, ಐರ್ಲೆಂಡ್ ಸುತ್ತಿ ಭಾಷಣ ಮಾಡಿದ.

1791ರಲ್ಲಿ ವಿಲ್ಬರ್‌ಫೋರ್ಸ್ ತಂದ ಮಸೂದೆ 163ಕ್ಕೆ 88 ಮತಗಳಿಂದ ಬಿದ್ದುಹೋಯಿತು. ಸಿಟ್ಟಿಗೆದ್ದ ಜನ ಪಾರ್ಲಿಮೆಂಟನ್ನು ಬಿಟ್ಟು ಅಡುಗೆಮನೆಯತ್ತ ತಿರುಗಿದರು. ಆ ವರ್ಷ ವಿಲಿಯಂ ಫಾಕ್ಸ್ ಎಂಬವನು ಬರೆದ ಕರಪತ್ರವೊಂದು ಸಂಸಾರದ ಲೆಕ್ಕದಲ್ಲೇ ಮಾತಾಡಿತು. ವಾರಕ್ಕೆ 5 ಪೌಂಡು, ಎಂದರೆ ಸುಮಾರು ಎರಡೂಕಾಲು ಕಿಲೋ ಸಕ್ಕರೆ ಬಳಸುವ ಒಂದು ಕುಟುಂಬ 21 ತಿಂಗಳು ಸಕ್ಕರೆ, ರಮ್ ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದು ಅಥವಾ ಸಾಯುವುದು ತಪ್ಪುತ್ತದೆ ಎಂಬುದು ಅವನ ಗಣಿತ. ಗಣಿತ ಸರಿಯೋ ತಪ್ಪೋ, ಮನೆಯ ಯಜಮಾನಿಗೆ ಅದು ತಟ್ಟಿತು. ಸುಮಾರು ಮೂರು ಲಕ್ಷ ಜನ ಸಕ್ಕರೆ ಬಿಟ್ಟರು ಎಂದು ಕ್ಲಾರ್ಕ್‌ಸನ್ ಅಂದಾಜು ಮಾಡಿದ. ಹೆಂಗಸರಿಗೆ ಮತ ಹಾಕುವ ಹಕ್ಕು ಇಲ್ಲದ ಕಾಲ ಅದು. ಆದರೆ ಮನೆಗೆ ಏನು ಬರಬೇಕು, ಏನು ಬರಬಾರದು ಎಂಬುದು ಅವರ ಕೈಯಲ್ಲೇ ಇತ್ತು. 1792ರಲ್ಲಿ ಪಾರ್ಲಿಮೆಂಟಿಗೆ 519 ಮನವಿಗಳು ಬಂದವು. ಅವುಗಳಲ್ಲಿ ಇದ್ದ ಸಹಿ ಸುಮಾರು 3,90,000. ಕಾಮನ್ಸ್ ಸಭೆ ಆಗ ವ್ಯಾಪಾರವನ್ನು ‘ಕ್ರಮೇಣ’ ನಿಲ್ಲಿಸಲು ಒಪ್ಪಿತು. ಆ ಒಂದು ಪದವನ್ನು ಸೇರಿಸಿದವನು ಹೆನ್ರಿ ಡಂಡಾಸ್. ಲಾರ್ಡ್ಸ್ ಸಭೆ ಅದನ್ನೂ ಮೂಲೆಗೆ ತಳ್ಳಿತು. ‘ಕ್ರಮೇಣ’ ಎಂಬ ಪದ ಹದಿನೈದು ವರ್ಷ ನುಂಗಿತು.

ಗುಲಾಮರು ಇಷ್ಟೂ ಹೊತ್ತು ಲಂಡನ್ನಿನ ದಾರಿ ನೋಡುತ್ತ ಕುಳಿತಿರಲಿಲ್ಲ. 1791ರ ಆಗಸ್ಟಿನಲ್ಲಿ ಫ್ರಾನ್ಸಿನ ವಸಾಹತು ಸೇಂಟ್ ಡೊಮಿಂಗ್‌ನಲ್ಲಿ ಅವರು ದಂಗೆ ಎದ್ದರು. ಟೂಸಾಂ ಲೂವರ್ತ್ಯೂರ್‌ನ ಮುಂದಾಳತ್ವದಲ್ಲಿ ಬೆಳೆದ ಆ ಹೋರಾಟ ಸ್ಪೇನ್, ಬ್ರಿಟನ್ ಸೈನ್ಯಗಳನ್ನೂ, ಕೊನೆಗೆ ನೆಪೋಲಿಯನ್ ಕಳಿಸಿದ ದಂಡನ್ನೂ ಎದುರಿಸಿ 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶವನ್ನು ಕಟ್ಟಿತು. ಬಿಡುಗಡೆಯ ಚರಿತ್ರೆಯನ್ನು ಬಿಳಿಯ ದಯಾಳುಗಳ ಕಥೆಯಾಗಿ ಬರೆಯುವವರು ಹೈಟಿಯನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಅದು ಅಡಿಟಿಪ್ಪಣಿಯಲ್ಲ. ಗುಲಾಮರನ್ನು ಇಟ್ಟುಕೊಳ್ಳುವುದು ಅಪಾಯದ ಕೆಲಸ ಎಂದು ತೋಟದ ಮಾಲೀಕರ ಎದೆಗೆ ನಾಟಿಸಿದ್ದು ಅದೇ.

ಕೊನೆಗೆ 1807ರ ಫೆಬ್ರವರಿ 23ರಂದು ಕಾಮನ್ಸ್ ಸಭೆ 283ಕ್ಕೆ 16 ಮತಗಳಿಂದ ವ್ಯಾಪಾರ ನಿಷೇಧವನ್ನು ಒಪ್ಪಿತು. ಮಾರ್ಚ್ 25ರಂದು ಕಾನೂನಾಯಿತು. ಸಕ್ಕರೆ ತೋಟಗಳ ಲಾಭ ಕುಸಿದದ್ದೇ ನಿಷೇಧಕ್ಕೆ ಕಾರಣ ಎಂದು ವಾದಿಸಿದವರು ಚರಿತ್ರೆಕಾರ ಎರಿಕ್ ವಿಲಿಯಮ್ಸ್. ಮುಂದೆ ಟ್ರಿನಿಡಾಡ್ ಮತ್ತು ಟೊಬ್ಯಾಗೋದ ಮೊದಲ ಪ್ರಧಾನಿಯಾದವರು. ಆ ವ್ಯಾಪಾರ 1807ರಲ್ಲೂ ಲಾಭದಲ್ಲೇ ಇತ್ತು ಎಂಬುದು ಎದುರು ಪಕ್ಷದ ವಾದ. ಲಾಭವಿಲ್ಲದ್ದನ್ನು ನಿಲ್ಲಿಸಲು ಇಪ್ಪತ್ತು ವರ್ಷದ ಗುದ್ದಾಟ ಬೇಕಾಗುತ್ತಿರಲಿಲ್ಲ ಎಂಬುದಂತೂ ಸತ್ಯ.

ವ್ಯಾಪಾರ ನಿಂತರೂ ಗುಲಾಮಗಿರಿ ನಿಲ್ಲಲಿಲ್ಲ. ಎರಡನೆಯ ಸುತ್ತು 1823ರಲ್ಲಿ ಥಾಮಸ್ ಫೊವೆಲ್ ಬಕ್ಸ್‌ಟನ್‌ನ ಮುಂದಾಳತ್ವದಲ್ಲಿ ಶುರುವಾಯಿತು, ಮತ್ತದೇ ‘ಕ್ರಮೇಣ’ದ ಜಪದೊಂದಿಗೆ. 1824ರಲ್ಲಿ ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್ ಎಂಬ ಶಾಲಾ ಶಿಕ್ಷಕಿ ಬರೆದ ಕರಪತ್ರದ ಹೆಸರಿನಲ್ಲೇ ಅದಕ್ಕೆ ಉತ್ತರವಿತ್ತು: ಕೂಡಲೇ, ಕ್ರಮೇಣವಲ್ಲ. ಮರುವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಮಹಿಳಾ ಸಂಘದ ಮಾದರಿಯಲ್ಲಿ ಹತ್ತಾರು ಸಂಘಗಳು ಎದ್ದವು. ಮನೆಮನೆಗೆ ಹೋಗಿ ಸಕ್ಕರೆ ಬಿಡಿಸಿದ್ದು, ಹಣ ಕೂಡಿಸಿದ್ದು ಇವರೇ. ಹೆಂಗಸರು ಹೀಗೆ ಬೀದಿಗಿಳಿಯುವುದು ವಿಲ್ಬರ್‌ಫೋರ್ಸ್‌ಗೆ ಹಿಡಿಸಲಿಲ್ಲ ಎಂಬುದನ್ನು ಅವನ ಅಭಿಮಾನಿಗಳು ಮೆಲ್ಲಗೆ ಹೇಳುತ್ತಾರೆ. ಚಳವಳಿಯ ಕೇಂದ್ರ ಸಂಸ್ಥೆ 1830ರಲ್ಲಿ ‘ಕ್ರಮೇಣ’ವನ್ನು ಕೈಬಿಟ್ಟಿತು. ಮರುವರ್ಷ ಬರ್ಮುಡಾದಲ್ಲಿ ಗುಲಾಮಳಾಗಿ ಹುಟ್ಟಿದ ಮೇರಿ ಪ್ರಿನ್ಸ್‌ಳ ಕಥನ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಕಪ್ಪು ಮಹಿಳೆಯೊಬ್ಬಳ ಜೀವನಕಥೆ ಅಚ್ಚಾದದ್ದು ಅದೇ ಮೊದಲು. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಎಂಬ ಗುಲಾಮ, ಬ್ಯಾಪ್ಟಿಸ್ಟ್ ಬೋಧಕ, ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ ಎಂಬ ಮುಷ್ಕರಕ್ಕೆ ಕರೆಕೊಟ್ಟ. ಅದು ದಂಗೆಯಾಯಿತು. ಸತ್ತ ಬಿಳಿಯರು 14 ಮಂದಿ. ದಂಗೆ ಅಡಗಿದ ಮೇಲೆ ಗಲ್ಲಿಗೇರಿದ ಗುಲಾಮರು 300ಕ್ಕೂ ಹೆಚ್ಚು. ಆ ಲೆಕ್ಕ ಲಂಡನ್ ತಲುಪಿದಾಗ ಮಾಲೀಕರ ಪರ ಮಾತಾಡುವವರ ಬಾಯಿ ಕಟ್ಟಿತು. 1833ರಲ್ಲಿ ಹೆಂಗಸರೇ ಸಹಿ ಮಾಡಿದ, 1,87,000 ಹೆಸರುಗಳಿದ್ದ ಮನವಿಯೊಂದು ಪಾರ್ಲಿಮೆಂಟಿಗೆ ಬಂತು. ಜುಲೈ 26ರಂದು ಮಸೂದೆ ಕಾಮನ್ಸ್ ಸಭೆಯನ್ನು ದಾಟಿತು. ಮೂರು ದಿನದ ಮೇಲೆ ವಿಲ್ಬರ್‌ಫೋರ್ಸ್ ತೀರಿಕೊಂಡ.

1833ರ ಕಾನೂನು ಸುಮಾರು 8 ಲಕ್ಷ ಜನರನ್ನು ಬಿಡುಗಡೆ ಮಾಡಿತು ಎಂದು ಹೇಳುವಾಗ ಅದರ ಖರ್ಚಿನ ಪಟ್ಟಿಯನ್ನೂ ಓದಬೇಕು. ಪರಿಹಾರವಾಗಿ ಸರ್ಕಾರ 2 ಕೋಟಿ ಪೌಂಡ್ ಕೊಟ್ಟಿತು. ಅಂದಿನ ವಾರ್ಷಿಕ ವೆಚ್ಚದ ಸುಮಾರು ಶೇ. 40ರಷ್ಟು. ಕೊಟ್ಟದ್ದು ಮಾಲೀಕರಿಗೆ. ಗುಲಾಮರಿಗೆ ಒಂದು ಬಿಡಿಗಾಸೂ ಸಿಗಲಿಲ್ಲ. ಬದಲಿಗೆ ‘ಕೆಲಸ ಕಲಿಯುವವರು’ ಎಂಬ ಹೊಸ ಹೆಸರಿನಲ್ಲಿ ಅದೇ ಮಾಲೀಕನ ಕೆಳಗೆ ಇನ್ನೂ ಕೆಲವು ವರ್ಷ ಬಿಟ್ಟಿ ದುಡಿಯಬೇಕಾಯಿತು. ತಲೆಮಾರುಗಳಿಂದ ಕಬ್ಬು ಕಡಿದವರು ಇನ್ನೇನು ಕಲಿಯಬೇಕಿತ್ತೋ! ಮತ್ತೊಂದು ಚಳವಳಿ ನಡೆದ ಮೇಲೆ 1838ರ ಆಗಸ್ಟ್ 1ರಂದು ಈ ಪದ್ಧತಿ ಕೊನೆಗೊಂಡಿತು. ಪರಿಹಾರಕ್ಕೆಂದು ಎತ್ತಿದ ಸಾಲವನ್ನು ಬ್ರಿಟನ್ ಪೂರ್ತಿ ತೀರಿಸಿದ್ದು 2015ರಲ್ಲಿ.

ಪರಿಹಾರ ಪಡೆದವರಲ್ಲಿ ಜಾನ್ ಗ್ಲ್ಯಾಡ್‌ಸ್ಟನ್ ಒಬ್ಬ. ಮುಂದೆ ಬ್ರಿಟನ್ನಿನ ಪ್ರಧಾನಿಯಾದವನ ತಂದೆ. ಸುಮಾರು 2,500 ಗುಲಾಮರ ಲೆಕ್ಕದಲ್ಲಿ ಅವನಿಗೆ ಒಂದು ಲಕ್ಷ ಪೌಂಡಿಗೂ ಹೆಚ್ಚು ಬಂತು. ಗಯಾನಾದ ತನ್ನ ತೋಟಗಳಿಗೆ ಬದಲಿ ಆಳುಗಳನ್ನು ಅವನು ಹುಡುಕಿದ್ದು ಕಲ್ಕತ್ತೆಯಲ್ಲಿ. 1838ರಲ್ಲಿ ವಿಟ್‌ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಸುಮಾರು 400 ಭಾರತೀಯರನ್ನು ಅಲ್ಲಿಗೆ ಒಯ್ದವು. ಅಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ಗಿರ್‌ಮಿಟ್ ಆಯಿತು, ಹೋದವರು ಗಿರ್‌ಮಿಟಿಯರಾದರು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಮಾರಿಷಸ್, ಟ್ರಿನಿಡಾಡ್, ಫಿಜಿ, ದಕ್ಷಿಣ ಆಫ್ರಿಕಾಗಳಿಗೆ ಹೋದರು. ಗೋಖಲೆ, ಮಾಳವೀಯ, ಗಾಂಧಿ ಮೊದಲಾದವರ ವಿರೋಧದಿಂದ 1917ರಲ್ಲಿ ಈ ನೇಮಕಾತಿ ನಿಂತಿತು.

ಗುಲಾಮಗಿರಿ ವಿರೋಧಿ ಚಳವಳಿಯಲ್ಲಿ ಪಳಗಿದ ಕೈಗಳು ಬೇರೆ ಕೆಲಸಗಳಿಗೂ ಹೊರಳಿದವು. ಯಾರ್ಕ್‌ಶೈರಿನ ಉಣ್ಣೆ ಗಿರಣಿಗಳಲ್ಲಿ ದಿನಕ್ಕೆ ಹದಿಮೂರು ತಾಸು ದುಡಿಯುವ ಮಕ್ಕಳು ಗುಲಾಮರಲ್ಲವೇ ಎಂದು ರಿಚರ್ಡ್ ಓಸ್ಟ್ಲರ್ 1830ರಲ್ಲಿ ಪತ್ರಿಕೆಗೆ ಬರೆದ. ವಸಾಹತುಗಳ ಗುಲಾಮಗಿರಿ ನಿಷೇಧಿಸಿದ 1833ರ ಆಗಸ್ಟ್ ತಿಂಗಳಲ್ಲೇ, ಬಹುತೇಕ ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುವ ಕಾರ್ಖಾನೆ ಕಾಯ್ದೆಯೂ ಬಂತು. 1840ರಲ್ಲಿ ಲಂಡನ್ನಿನಲ್ಲಿ ನಡೆದ ಗುಲಾಮಗಿರಿ ವಿರೋಧಿ ವಿಶ್ವ ಸಮ್ಮೇಳನದಲ್ಲಿ ಅಮೆರಿಕದಿಂದ ಬಂದ ಮಹಿಳಾ ಪ್ರತಿನಿಧಿಗಳಿಗೆ ಸ್ಥಾನ ಕೊಡದೆ ಪ್ರೇಕ್ಷಕರ ಸಾಲಿಗೆ ಕಳಿಸಿದರು. ಅಲ್ಲಿ ಭೇಟಿಯಾದ ಲುಕ್ರೀಷಿಯಾ ಮಾಟ್ ಮತ್ತು ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಎಂಟು ವರ್ಷದ ಮೇಲೆ ಸೆನೆಕಾ ಫಾಲ್ಸ್‌ನಲ್ಲಿ ಮಹಿಳಾ ಹಕ್ಕುಗಳ ಸಮಾವೇಶ ಕರೆದರು. ಮಹಿಳೆಯರಿಗೆ ಮತದ ಹಕ್ಕು ಬೇಕೆಂಬ ನಿರ್ಣಯವನ್ನು ಅಲ್ಲಿ ಎದ್ದುನಿಂತು ಬೆಂಬಲಿಸಿದವನು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್. ಅಮೆರಿಕದಲ್ಲಿ ಅಂತರ್ಯುದ್ಧದ ರಕ್ತಪಾತದ ನಂತರ 1865ರಲ್ಲಿ ಗುಲಾಮಗಿರಿ ನಿಷೇಧವಾಯಿತು. ಜೋತಿರಾವ್ ಫುಲೆ 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು, ಕರಿಯರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೆ. ಶೂದ್ರಾತಿಶೂದ್ರರ ಪಾಡು ಅದಕ್ಕಿಂತ ಬೇರೆಯಲ್ಲ ಎಂಬುದನ್ನು ಅವರು ಅರ್ಪಣೆಯಲ್ಲೇ ಹೇಳಿಬಿಟ್ಟರು.

ಆ ಮಾತಿಗೆ ಕನ್ನಡ ನಾಡಿನಲ್ಲೂ ಸಾಕ್ಷಿಯಿದೆ. ಫ್ರಾನ್ಸಿಸ್ ಬುಕಾನನ್‌ನ ಮೈಸೂರು, ಕೆನರಾ, ಮಲಬಾರು ಪ್ರವಾಸ ಕಥನ ಲಂಡನ್ನಿನಲ್ಲಿ ಅಚ್ಚಾದದ್ದು, ಕಾಕತಾಳೀಯವೆಂಬಂತೆ, 1807ರಲ್ಲೇ. ಕರಾವಳಿಯ ಬೇಸಾಯದಲ್ಲಿ ದುಡಿಯುವವರು ಎರಡು ಬಗೆ ಎಂದು ಅವನು ಗುರುತಿಸಿದ: ಕೂಲಿಯಾಳು ಮತ್ತು ಮೂಲದಾಳು. ಕೂಲಿಯಾಳು ಕೂಲಿಗೆ ಬರುವವನು. ಮೂಲದಾಳು ಹಣ ಕೊಟ್ಟು ಕೊಂಡವನು. 1820ರ ದಶಕದಲ್ಲಿ ಬ್ರಿಟನ್ನಿನ ಮನೆಗಳಲ್ಲಿ, ಇದು ಗುಲಾಮರು ಮಾಡಿದ್ದಲ್ಲದ ಈಸ್ಟ್ ಇಂಡಿಯಾ ಸಕ್ಕರೆ ಎಂದು ಬರೆದ ಬಟ್ಟಲುಗಳು ಮೇಜಿನ ಮೇಲಿರುತ್ತಿದ್ದವು. ಅದೇ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಕೆನರಾ, ಮಲಬಾರುಗಳಲ್ಲಿ ಗದ್ದೆಯಾಳುಗಳ ಕ್ರಯ ವಿಕ್ರಯ ನಡೆದಿತ್ತು. ಕಂಪನಿಯ ಪ್ರದೇಶಗಳಿಗೆ 1833ರ ಕಾನೂನು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಇಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆ ಹೋದದ್ದು 1843ರ ಐದನೆಯ ಕಾಯ್ದೆಯಿಂದ. ಗೋವೆಯ ಪೋರ್ಚುಗೀಸರು ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳು ಅವರ ಸಂತತಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಮಾರಾಟ ನಿಂತ ಮೇಲೂ ಆಳು ಧಣಿಯ ಹಟ್ಟಿಯಲ್ಲೇ ಉಳಿದ. ಕೊಂಡ ಬೆಲೆಯ ಜಾಗಕ್ಕೆ ಕೊಟ್ಟ ಸಾಲ ಬಂತು. ಮದುವೆಗೋ ಕಾಯಿಲೆಗೋ ತಂದ ನೂರಿನ್ನೂರು ರೂಪಾಯಿಗೆ ಅಪ್ಪ ಜೀತಕ್ಕಿದ್ದ, ತೀರದೆ ಮಗನೂ ಇದ್ದ. ಜೀತ ಪದ್ಧತಿಯನ್ನು ದೇಶದಾದ್ಯಂತ ರದ್ದುಪಡಿಸಿದ ಸುಗ್ರೀವಾಜ್ಞೆ 1975ರ ಅಕ್ಟೋಬರ್‌ನಲ್ಲಿ ಬಂದು, 1976ರಲ್ಲಿ ಕಾಯ್ದೆಯಾಯಿತು. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸೆರೆ ವಿಧಿಸಬಹುದು. ಬ್ರಿಟನ್ನಿನ ಕಾನೂನು ಧಣಿಗೆ ಪರಿಹಾರ ಕೊಟ್ಟಿತ್ತು. ಭಾರತದ ಕಾಯ್ದೆ ಸಾಲವನ್ನೇ ಅಳಿಸಿಹಾಕಿತು. ಅದರ ವಸೂಲಿಗೆಂದು ಧಣಿ ಯಾವ ಸಿವಿಲ್ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುವಂತಿಲ್ಲ.